ಡೀಸೆಲ್ ಅನ್ನೋದು ಒಬ್ಬ ಮನುಷ್ಯನ ಹೆಸರು

ಥರ್ಮೋಡೈನಮಿಕ್ಸ್ ಪರೀಕ್ಷೆಯಲ್ಲಿ ಡೀಸೆಲ್ ಸೈಕಲ್ ಗ್ರಾಫ್ ನಾವೆಲ್ಲ ಬರೆದಿರ್ತೀವಿ. ಅದರಲ್ಲಿ ಇಂಧನ ಒಳಗೆ ಬಂದು ಉರಿಯೋದು ಒಂದು ಅಡ್ಡಗೆರೆ ಅಷ್ಟೇ. ಆ ಗೆರೆಯನ್ನು ನಿಜ ಮಾಡೋಕೆ ರುಡಾಲ್ಫ್ ಡೀಸೆಲ್ ವರ್ಷಗಟ್ಟಲೆ ಒದ್ದಾಡಿದರು.

ಅವರು ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆತಾಯಿ ಜರ್ಮನ್ ಮೂಲದವರು. 1870ರಲ್ಲಿ ಫ್ರಾನ್ಸ್‌ಗೂ ಪ್ರಷ್ಯಾಗೂ ಯುದ್ಧ ಶುರುವಾದಾಗ ಇಡೀ ಕುಟುಂಬ ಲಂಡನ್‌ಗೆ ಹೋಗಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಅಲ್ಲಿಂದ ಜರ್ಮನಿಯ ಆಗ್ಸ್‌ಬರ್ಗ್‌ಗೆ, ಸಂಬಂಧಿಕರ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಇಂಜಿನಿಯರಿಂಗ್ ಓದುವಾಗ, ಸ್ಟೀಮ್ ಇಂಜಿನ್ ಕಲ್ಲಿದ್ದಲಿನ ಶಾಖದ ಬಹುಪಾಲನ್ನು ಹಾಳು ಮಾಡುತ್ತೆ ಅನ್ನೋ ಪಾಠ ಅವರ ತಲೆಯಲ್ಲೇ ಉಳಿಯಿತು.

ಅವರ ಐಡಿಯಾ ಸರಳ. ಗಾಳಿಯನ್ನು ಜೋರಾಗಿ ಒತ್ತಿದರೆ ಬಿಸಿಯಾಗುತ್ತೆ, ಆ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತೆ, ಸ್ಪಾರ್ಕ್ ಬೇಡ. 1893ರ ಆಗಸ್ಟ್‌ನಲ್ಲಿ ಮೊದಲ ಪ್ರಯೋಗ. ಇಂಧನ ಹೊತ್ತಿತು, ಜೊತೆಗೆ ಒತ್ತಡ ಅಳೆಯುವ ಉಪಕರಣ ಸಿಡಿದುಹೋಯಿತು!

ಆದರೆ ಅಷ್ಟು ಒತ್ತಡ ಇರುವ ಸಿಲಿಂಡರ್ ಒಳಗೆ ಇಂಧನವನ್ನು ಸಣ್ಣ ಹನಿಗಳಾಗಿ, ಸರಿಯಾದ ಕ್ಷಣಕ್ಕೆ ನುಗ್ಗಿಸೋದು ಹೇಗೆ? ಅದಕ್ಕೆ ತಕ್ಕ ಪಂಪ್ ಆಗ ಇರಲಿಲ್ಲ. ಕೊನೆಗೆ, ಒತ್ತಿದ ಗಾಳಿಯಿಂದಲೇ ಇಂಧನವನ್ನು ಒಳಗೆ ಊದಿಸಿದರು. 1897ರ ಪರೀಕ್ಷೆಯಲ್ಲಿ ದಕ್ಷತೆ ಶೇ. 26.2 ಬಂತು, ಸ್ಟೀಮ್ ಇಂಜಿನ್‌ಗಿಂತ ಎಷ್ಟೋ ಜಾಸ್ತಿ. ಆದರೆ ಊದೋಕೆ ಬೇಕಾದ ಕಂಪ್ರೆಸರ್ ತುಂಬಾ ಭಾರ. ಕಾರ್ಖಾನೆಗೆ, ಹಡಗಿಗೆ ಸರಿ, ಕಾರಿಗೆ ಆಗಲ್ಲ.

ಹೆಸರು ಬಂತು, ಹಣವೂ ಬಂತು, ಆದರೆ ಹಣ ಉಳಿಯಲಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪ್‌ನಿಂದ ಇಂಗ್ಲೆಂಡ್‌ಗೆ ಹೊರಟ ಹಡಗಿನಿಂದ ಅವರು ಕಾಣೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ಶವ ಸಿಕ್ಕಿತು. ಆತ್ಮಹತ್ಯೆಯೋ ಬೇರೇನೋ, ಇವತ್ತಿಗೂ ಖಚಿತವಾಗಿಲ್ಲ. ಅವರಿಗೆ ಆಗ 55 ವರ್ಷ.

ಅವರಿಗೆ ಸಿಗದ ಪಂಪನ್ನು ಬಾಷ್ ಕಂಪನಿ 1927ರಲ್ಲಿ ತಯಾರಿಸೋಕೆ ಶುರುಮಾಡಿತು. 1936ರಲ್ಲಿ ಮರ್ಸಿಡಿಸ್ ಡೀಸೆಲ್ ಕಾರನ್ನೇ ತಂದಿತು. 1997ರಲ್ಲಿ ಕಾಮನ್ ರೈಲ್ ಕಾರುಗಳಿಗೆ ಬಂತು. ಇದರಲ್ಲಿ ಪಂಪ್ ಒಂದು ದಪ್ಪ ಕೊಳವೆಯಲ್ಲಿ ಇಂಧನವನ್ನು ಸದಾ ಭಾರೀ ಒತ್ತಡದಲ್ಲಿ ಇಟ್ಟಿರುತ್ತೆ. ಎಲ್ಲ ಇಂಜೆಕ್ಟರ್‌ಗಳಿಗೂ ಅದರಿಂದಲೇ ಇಂಧನ. ಯಾವುದು ಯಾವಾಗ, ಎಷ್ಟು ಹೊತ್ತು ತೆರೆಯಬೇಕು ಅಂತ ಕಂಪ್ಯೂಟರ್ ಹೇಳುತ್ತೆ. ಆರಂಭದಲ್ಲೇ ಒತ್ತಡ 1350 ಬಾರ್ ಇತ್ತು, ಈಗ 2000 ಬಾರ್ ದಾಟಿದೆ.

ಗ್ರಾಫ್‌ನ ಆ ಅಡ್ಡಗೆರೆಗೆ ಇಷ್ಟೆಲ್ಲ ಬೇಕಾಯಿತು. ಅದನ್ನು ನೋಡೋಕೆ ಡೀಸೆಲ್ ಇರಲಿಲ್ಲ.