ಕಿಟೆಲ್: ಕ್ರಿಸ್ತಬೋಧೆಯಿಂದ ನಿಘಂಟಿನವರೆಗೆ

ಫರ್ಡಿನೆಂಡ್ ಕಿಟೆಲ್ (1832–1903) ಕನ್ನಡ ವಿದ್ವತ್ತಿಗೆ ಮುಖ್ಯವಾಗಿ ನಿಘಂಟುಕಾರರೆಂದೇ ಪರಿಚಿತರು. ಆದರೆ ಆ ನಿಘಂಟಿನ ಹಿಂದೆ ಕ್ರಿಸ್ತತತ್ತ್ವವನ್ನು ಕನ್ನಡದಲ್ಲಿ ನುಡಿಯಲು ಶ್ರಮಿಸಿದ ಧರ್ಮಬೋಧಕರೊಬ್ಬರಿದ್ದರೆಂಬುದನ್ನು ಗಮನಿಸಬೇಕು.

ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಪಾದ್ರಿಯ ಮಗನಾಗಿ ಜನಿಸಿದ ಕಿಟೆಲ್, ಬಾಸೆಲ್ ಮಿಶನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಸೇವೆ ಸಲ್ಲಿಸಿದರು. ಪ್ರವಾದಿಗಳು ಮುನ್ನುಡಿದ ಅಭಿಷಿಕ್ತನು ಯೇಸುವೇ. ದೇವರ ಪರಿಶುದ್ಧತೆ ಪಾಪವನ್ನು ಸಹಿಸದು, ಅವನ ಕರುಣೆ ಪಾಪಿಯನ್ನು ಕೈಬಿಡದು. ಇವೆರಡೂ ಶಿಲುಬೆಯಲ್ಲಿ ಸಂಧಿಸುತ್ತವೆ. ಇದು ಮಿಶನರಿ ಬೋಧನೆಯ ತಿರುಳು. ಆದರೆ ಕರುಣೆ, ಶುದ್ಧಿ, ಪಾಪ, ಮುಕ್ತಿ ಎಂಬ ಪದಗಳಿಗೆ ಜೈನ, ವೀರಶೈವ, ವೈದಿಕ ಪರಂಪರೆಗಳಲ್ಲಿ ಆಗಲೇ ತಮ್ಮದೇ ಅರ್ಥಗಳಿದ್ದವು. ಅವನ್ನರಿಯದೆ ಬಳಸಿದರೆ ಬೋಧಕರ ಮಾತೊಂದು, ಕೇಳುಗರ ಗ್ರಹಿಕೆಯೊಂದು ಆಗುತ್ತಿತ್ತು.

1862ರ ‘ಕಥಾಮಾಲೆ’ಯಲ್ಲಿ ಕಿಟೆಲ್ ಕ್ರಿಸ್ತಚರಿತೆಯನ್ನು ಇಲ್ಲಿನ ಛಂದೋರೀತಿಯಲ್ಲಿ ಪದ್ಯವಾಗಿಸಿದರು. ಮುಂದೆ ಕೇಶಿರಾಜನ ‘ಶಬ್ದಮಣಿದರ್ಪಣ’ (1872), ನಾಗವರ್ಮನ ‘ಛಂದೋಂಬುಧಿ’ (1875) ಗ್ರಂಥಗಳನ್ನು ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟು ಕಾವ್ಯಪ್ರಯೋಗಗಳನ್ನೂ ಗಾದೆಗಳನ್ನೂ ಒಳಗೊಂಡಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಟ್ಯೂಬಿಂಗೆನ್ನಿನಲ್ಲಿ ನಿಧನರಾದರು.

ಕಿಟೆಲರ ಮತಪ್ರಚಾರದ ಉದ್ದೇಶವನ್ನು ಮರೆಮಾಚಬೇಕಾಗಿಲ್ಲ. ಅನ್ಯಮತಗಳ ನಡುವೆ ತಮ್ಮ ಮತವನ್ನು ಸಾರಲು ಬಂದವರು, ಆ ಮತಗಳ ಕಾವ್ಯಗಳಿಂದಲೇ ಪದಗಳನ್ನು ಆಯ್ದು ಕಾಪಿಟ್ಟರು. ಅವರ ಬದುಕಿನ ಅಧ್ಯಯನವು ಬೋಧಕ, ವಿದ್ವಾಂಸ ಎಂಬ ಎರಡೂ ನೆಲೆಗಳನ್ನು ಒಟ್ಟಿಗೆ ಪರಿಗಣಿಸಬೇಕಾಗುತ್ತದೆ.