ಮೂರು ನಿಮಿಷದಲ್ಲಿ ಗೌಹರ್

ಹೆವಿ ಮೆಟಲ್ ತಂಡಗಳ ಹೊಸ ಸಿಂಗಲ್‌ಗೆ ಕಾಯುವ ಭಾಲ್ಕಿ, ಔರಾದ್‌ನ ಗೆಳೆಯರಿಗೆ ನಾನು ಹೇಳುವುದು ಗೌಹರ್ ಜಾನ್ ಕತೆ. 1873ರಲ್ಲಿ ಆಜಂಗಢದಲ್ಲಿ ಹುಟ್ಟಿದ ಅವರು ಕಲ್ಕತ್ತೆಯಲ್ಲಿ ಗಾಯಕಿಯಾಗಿ ಹೆಸರಾದರು. 1902ರಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದರು. ಮೈಕ್ ಇರಲಿಲ್ಲ, ಕಹಳೆಯಂಥ ಕೊಳವೆಯೆದುರು ಜೋರಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರೇ ನಿಮಿಷಕ್ಕೆ ಇಳಿಸಿದರು. ರೆಕಾರ್ಡ್ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಬಂದ ಸಂಪತ್ತು ಕೋರ್ಟು ವ್ಯಾಜ್ಯಗಳಲ್ಲಿ ಕರಗಿತು. 1928ರಲ್ಲಿ ಮೈಸೂರು ಅರಮನೆ ಆಶ್ರಯ ಕೊಟ್ಟಿತು. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಸಂದರ್ಶನಕ್ಕೆಂದು ಬೀದರ್ ಬಸ್ ಹತ್ತುವ ನಮಗೂ ಸಿಗುವುದು ಕೆಲವೇ ನಿಮಿಷ. ಗಂಟೆಗಟ್ಟಲೆ ಹಾಡಬಲ್ಲವರಿಗೇ ಮೂರು ನಿಮಿಷ ಸಾಕಾಗುತ್ತದೆ ಎಂಬುದನ್ನು ಅವರಿಂದ ಕಲಿತೆ.