ಮೂಲ್ಕಿಯ ಕುಂದರನ್: 192 ರನ್ ಹೊಡೆದರೂ ಗಟ್ಟಿಯಾಗದ ಸ್ಥಾನ

ಸುಳ್ಯ, ಸಂಪಾಜೆ, ಕಲ್ಲುಗುಂಡಿ ಕಡೆಯ ಗದ್ದೆ-ಮೈದಾನಗಳಲ್ಲಿ ಬ್ಯಾಟ್ ಹಿಡಿಯುವ ಹುಡುಗರಿಗೆ ಮಹೇಂದ್ರ ಸಿಂಗ್ ಧೋನಿ 2013ರಲ್ಲಿ ಚೆನ್ನೈಯಲ್ಲಿ ಹೊಡೆದ 224 ರನ್ ಬಾಯಿಪಾಠ. ಆ ಇನ್ನಿಂಗ್ಸ್ ಅಳಿಸಿ ಹಾಕಿದ 49 ವರ್ಷ ಹಳೆಯ ದಾಖಲೆಯ ಒಡೆಯ ನಮ್ಮದೇ ಜಿಲ್ಲೆಯವರೆಂಬುದು ಬಲ್ಲವರು ವಿರಳ. ಅವರೇ ಬುಧಿಸಾಗರ ಕೃಷ್ಣಪ್ಪ ಕುಂದರನ್.

1939ರ ಅಕ್ಟೋಬರ್ 2ರಂದು ಮೂಲ್ಕಿಯಲ್ಲಿ ಜನಿಸಿದ ಕುಂದರನ್ ಬೆಳೆದದ್ದು ಮುಂಬಯಿಯಲ್ಲಿ. ಮಗನ ಆಟ ತಂದೆಗೆ ಇಷ್ಟವಿರಲಿಲ್ಲ. ಶಾಲಾ ಪಂದ್ಯಕ್ಕೆ ಬಿಳಿ ಉಡುಪಿಲ್ಲದಿದ್ದಾಗ ತಾಯಿಯೇ ಪತಿಯ ಬಟ್ಟೆಯನ್ನು ಕತ್ತರಿಸಿ ಹೊಲಿದು ಕೊಟ್ಟರೆಂಬ ಮಾತಿದೆ.

1960ರ ಜನವರಿ 1. ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಮೂರನೇ ಟೆಸ್ಟ್. ಒಂದೇ ಒಂದು ರಣಜಿ ಪಂದ್ಯವನ್ನೂ ಆಡದ 20ರ ತರುಣನಿಗೆ ವಿಕೆಟ್ ಕೀಪರ್ ಸ್ಥಾನ ಒಲಿಯಿತು. ಕೈಗೆ ತೊಟ್ಟಿದ್ದು ನರೇನ್ ತಮ್ಹಾನೆಯವರಿಂದ ಎರವಲು ಪಡೆದ ಕೈಗವಸು. ಅಂದು 19 ರನ್ ಗಳಿಸಿ ಹಿಟ್ ವಿಕೆಟ್ ಆದರು. ಮುಂದಿನ ಮದರಾಸು ಟೆಸ್ಟಿನಲ್ಲಿ ಭಾರತದ 149 ರನ್ನುಗಳಲ್ಲಿ 71 ಅವರದ್ದೇ. ಬಳಿಕ ರೈಲ್ವೇಸ್ ಪರ ಆಡಿದ ಚೊಚ್ಚಲ ರಣಜಿ ಪಂದ್ಯದಲ್ಲಿ ಜಮ್ಮು-ಕಾಶ್ಮೀರದ ಎದುರು 205 ಬಾರಿಸಿದರು. ಟೆಸ್ಟ್ ಮೊದಲು, ರಣಜಿ ಆಮೇಲೆ!

ಆದರೂ ಸ್ಥಾನ ಭದ್ರವಾಗಲಿಲ್ಲ. ಫಾರೂಕ್ ಇಂಜಿನಿಯರ್ ಎಂಬ ಸಮರ್ಥ ಪ್ರತಿಸ್ಪರ್ಧಿ ಸದಾ ಬಾಗಿಲಲ್ಲಿದ್ದರು. 1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧದ ಮದರಾಸು ಟೆಸ್ಟಿಗೆ ಇಂಜಿನಿಯರ್ ಅಲಭ್ಯರಾದಾಗ ಕುಂದರನ್ ಕಣಕ್ಕಿಳಿದರು. ಮೊದಲ ದಿನದಾಟ ಮುಗಿದಾಗ ಅವರು ಅಜೇಯ 170. ಮರುದಿನ 192ಕ್ಕೆ ಔಟಾದರು. ದೆಹಲಿಯಲ್ಲಿ ಮತ್ತೊಂದು ಶತಕ. ಐದು ಟೆಸ್ಟ್‌ಗಳಲ್ಲಿ ಒಟ್ಟು 525 ರನ್. ಅದುವರೆಗೆ ಭಾರತದ ಯಾವ ಕೀಪರ್ ಕೂಡ ಒಂದು ಸರಣಿಯಲ್ಲಿ 500 ಮುಟ್ಟಿರಲಿಲ್ಲ.

ಅದೇ ವರ್ಷ ಆಸ್ಟ್ರೇಲಿಯಾ ತಂಡ ಬಂದಾಗ ಕೀಪಿಂಗ್ ಮಾಡಿದ್ದು ಇಂದ್ರಜಿತ್‌ಸಿಂಹಜಿ. ಇಂಜಿನಿಯರ್‌ಗೆ ಮಣೆ ಹಾಕಿದ್ದರೆ ಒಪ್ಪಬಹುದಿತ್ತು. ಈ ಆಯ್ಕೆಗೆ ಸಮರ್ಥನೆ ಹುಡುಕುವುದು ಇಂದಿಗೂ ಕಷ್ಟ.

ಮುಂದೆ ಮೈಸೂರು ರಾಜ್ಯ ತಂಡದ ಪರವಾಗಿಯೂ ಆಡಿದ ಕುಂದರನ್ ಅವರ ಕೊನೆಯ ಟೆಸ್ಟ್ 1967ರ ಎಜ್‌ಬಾಸ್ಟನ್ ಪಂದ್ಯ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಆ ಟೆಸ್ಟಿನಲ್ಲಿ ಹೊಸ ಚೆಂಡು ಹಾಕುವವರೇ ಇರಲಿಲ್ಲ. ಕೀಪಿಂಗ್ ಇಂಜಿನಿಯರ್ ಪಾಲಾಗಿತ್ತು. ಕುಂದರನ್ ಬ್ಯಾಟಿಂಗ್ ಜತೆಗೆ ಬೌಲಿಂಗನ್ನೂ ಆರಂಭಿಸಬೇಕಾಯಿತು! 18 ಟೆಸ್ಟ್, 981 ರನ್, ಎರಡು ಶತಕ. ಅಲ್ಲಿಗೆ ಲೆಕ್ಕ ಮುಗಿಯಿತು.

ನಂತರ ಸ್ಕಾಟ್ಲೆಂಡಿಗೆ ತೆರಳಿ ಡ್ರಂಪೆಲಿಯರ್ ಕ್ಲಬ್ ಸೇರಿದರು. ನಲವತ್ತು ದಾಟಿದ ಮೇಲೆ ಸ್ಕಾಟ್ಲೆಂಡ್ ತಂಡದ ಪರ ಬೆನ್ಸನ್ ಅಂಡ್ ಹೆಜಸ್ ಕಪ್ ಪಂದ್ಯಗಳಲ್ಲೂ ಆಡಿದರು. ಶ್ವಾಸಕೋಶದ ಕ್ಯಾನ್ಸರ್‌ಗೆ ತುತ್ತಾಗಿದ್ದ ಅವರು 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ನಿಧನರಾದರು. ಆಗ ಅವರಿಗೆ 66 ವರ್ಷ. 192ರ ದಾಖಲೆ ಆಗಿನ್ನೂ ಅವರ ಹೆಸರಿನಲ್ಲೇ ಇತ್ತು.